ಹನ್ನೊಂದು ಗಿಡದ ಅರ್ಜಿ

ಮಧ್ಯಾಹ್ನದ ಬಿಸಿಲು ಪಡಸಾಲೆಯ ಮೂರನೇ ಕಲ್ಲಿಗೆ ಬಂತೆಂದರೆ ಆ ವಾಸನೆ ಏಳುತ್ತಿತ್ತು. ಸುಟ್ಟ ಸೊಪ್ಪಿನ ವಾಸನೆ, ಒಂಚೂರು ಸಿಹಿ, ಒಂಚೂರು ಕಮಟು. ಯಂಕೋಬ ಮೊದಲ ದಿನ ಯಾರದೋ ಒಲೆಯ ಹೊಗೆ ಎಂದುಕೊಂಡ. ಎರಡನೇ ದಿನ ಎದ್ದು ಹಿತ್ತಲಿಗೆ ಹೋಗಿ ನೋಡಿದ. ಒಲೆಯಿಲ್ಲ, ಬೆಂಕಿಯಿಲ್ಲ. ಪೊಲೀಸರು ಬೇರುಸಹಿತ ಕಿತ್ತೊಯ್ದ ಹನ್ನೊಂದು ಗಾಂಜಾ ಗಿಡಗಳ ಹನ್ನೊಂದು ಕುಣಿಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು, ಅಷ್ಟೇ.

"ನಿಮ್ಮಪ್ಪ ಬಂದಾನ," ಅಂದಳು ತಾಯಿ ಪಾರ್ವತೆಮ್ಮ, ಮೊರದಲ್ಲಿದ್ದ ಜೋಳದಿಂದ ಕಣ್ಣೆತ್ತದೆ. "ದಿನಾ ಈ ಹೊತ್ತಿಗೇ ಬರತಾನ. ಕುಂದ್ರತಾನ. ಏನೂ ಮಾತಾಡಂಗಿಲ್ಲ."

"ಹಂಗೇನಿಲ್ಲ ಬೇ. ಬಿಸಿಲಿಗೆ ಹಂಗ ಅನಸ್ತದ."

"ನಿನಗ ವಾಸನಿ ಬಂತೋ ಇಲ್ಲೋ, ಅಷ್ಟು ಹೇಳು."

ಯಂಕೋಬ ಪಡಸಾಲೆಯಲ್ಲೇ ಮತ್ತೆ ಅಡ್ಡಾಗಿ ಗೋಡೆಯ ಕಡೆ ಹೊರಳಿದ.

ಅವನು ಮಾನ್ವಿಯಲ್ಲಿ ಪ್ರೈಮರಿ ಶಾಲೆಯ ಮಾಸ್ತರ. ಅವರ ಕುಲದಲ್ಲೇ ಸಂಬಳ ಕಂಡ ಮೊದಲನೆಯವನು. ಬೇಸಿಗೆಯ ರಜೆಗೆಂದು ಗಬ್ಬೂರಿನಿಂದ ಎರಡು ಮೈಲಿ ದೂರದ ತನ್ನ ಹಳ್ಳಿಗೆ ಬಂದಿದ್ದ. ಅಪ್ಪ ಸೂಗಪ್ಪ ತೀರಿ ಎರಡು ತಿಂಗಳಾಗಿತ್ತು. ಜೀವಮಾನವಿಡೀ ಮಂದಿಯ ಹೊಲದಲ್ಲಿ ದುಡಿದ ಸೂಗಪ್ಪನಿಗೆ ತನ್ನದು ಅಂತ ಇದ್ದುದು ಒಂದೇ, ಗಾಂಜಾ ಸೊಪ್ಪಿನ ಸೇವೆ. ಊರಾಚೆಯ ಶರಣರ ಗದ್ದಿಗೆಗೆ ಅಮಾವಾಸ್ಯೆಗೊಮ್ಮೆ ಸೊಪ್ಪು ಏರಿಸಬೇಕು. ಆಮೇಲೆ ಅದನ್ನೇ ಚಿಲುಮೆಗೆ ತುಂಬಿ ಭಜನೆಯವರೆಲ್ಲ ಒಬ್ಬೊಬ್ಬರು ಒಂದೊಂದು ದಮ್ಮು ಪ್ರಸಾದವೆಂದು ಎಳೆಯಬೇಕು. ಆ ಸೊಪ್ಪನ್ನು ಬೆಳೆಯುವ ಹಕ್ಕು ಅವರ ಮನೆಯದು. ಉಳಿದ ದಿನ ಸೂಗಪ್ಪ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ.

ಹೋದ ವರ್ಷದ ಕೊನೆಗೆ, ಎಂಬತ್ತೈದರಲ್ಲಿ, ಗಾಂಜಾ ಬೆಳೆದರೆ ಜೈಲು ಎಂದು ದೇಶಕ್ಕೆಲ್ಲ ಒಂದೇ ಕಾಯಿದೆ ಬಂತು. ಗಬ್ಬೂರಿನ ಬುರ್ಹಾನುದ್ದೀನನ ಚಹಾದಂಗಡಿಯಲ್ಲಿ ಊರ ಹೆಡ್‌ಮಾಸ್ತರ ಪ್ರಾಣೇಶರಾಯರು ಪೇಪರು ಓದಿ ಹೇಳಿದ ದಿನ ಅಪ್ಪ ಮಗ ಇಬ್ಬರೂ ಅಲ್ಲೇ ಇದ್ದರು.

"ಛಲೋ ಆತು ಬಿಡ್ರಿ," ಅಂದಿದ್ದರು ರಾಯರು. "ರಾಯಚೂರಾಗ ಕಾಲೇಜ ಹುಡುಗ್ರು ಇದರಾಗ ಹಾಳಾಗ್ಲಿಕತ್ತಾವ."

ಬುರ್ಹಾನುದ್ದೀನ ಚಹಾ ಸೋಸುತ್ತ ನಕ್ಕ. "ನಮ್ಮ ಅಬ್ಬಾ ನಿಜಾಮನ ಕಾಲದಾಗ ಇದ ಸೊಪ್ಪು ಲೈಸೆನ್ಸ್ ಮ್ಯಾಲ ಮಾರತಿದ್ರು ಮಾಸ್ತರ್ ಸಾಬ್. ಮೊಹರು ಸರಕಾರದ್ದು. ಈಗ ಗುನ್ಹಾ ಅಂತಾರ. ಯಾವ ಸರಕಾರ ಬಂದದ ಅಂತ ಗಿಡಕ್ಕೇನು ಗೊತ್ರೀ? ಅಲ್ಲಿ ಸಾರಾಯಿಗೆ ಹರಾಜು ಕೂಗತಾರ, ಇಲ್ಲಿ ಸೊಪ್ಪಿಗೆ ಕೈಗೆ ಬೇಡಿ!"

"ಎರಡೂ ಬಂದ್ ಆಗಬೇಕು."

"ಆಗ್ಲಿರಿ. ಖರೆ, ಮೊದಲ ಬಡವರದು ಬಂದ್ ಆಗ್ತದ, ನೋಡ್ತಿರ್ರಿ."

"ದೇವರಿಗೆ ಅಂತ ಒಬ್ಬಂಗ ಬಿಟ್ಟರ ನಾಳಿ ಎಲ್ಲಾರ ಹಿತ್ತಲದಾಗೂ ಒಂದೊಂದು ದೇವರು ಹುಟ್ಟತದ!" ಎಂದರು ರಾಯರು. ಕುಳಿತವರೆಲ್ಲ ಬಿದ್ದು ಬಿದ್ದು ನಕ್ಕರು.

ಸೂಗಪ್ಪ ಮಾತ್ರ ನಗಲಿಲ್ಲ. "ಶರಣಪ್ಪನ ಸೊಪ್ಪಿಗೆ ಯಾರ ಅಪ್ಪಣಿ ಬೇಕ್ರೀ?" ಎಂದು ಎದ್ದುಹೋದ.

ಯಂಕೋಬನಿಗೆ ಅಪ್ಪಣೆ ಬೇಕೆಂದೇ ಅನಿಸಿತು. ಒಂದು ಅರ್ಜಿ ಕೊಟ್ಟರೆ ಗದ್ದಿಗೆಯ ಮಟ್ಟಿಗೆ ಸರಕಾರ ಮಾಫಿ ಕೊಟ್ಟೀತು ಎಂದು ನಂಬಿದ. ಅಕ್ಷರ ಕಲಿತವನ ನಂಬಿಕೆ ಅದು. ಕಚೇರಿಗೆ ಸತ್ಯವನ್ನು ಪೂರಾ ಬರೆದರೆ ಕಚೇರಿ ಕೈಬಿಡದು. ಅರ್ಜಿಯಲ್ಲಿ ವಿವರವೆಲ್ಲ ಇರಬೇಕೆಂದು ನಾಲ್ಕನೇ ಇಯತ್ತೆಯ ಮಕ್ಕಳಿಗೆ ಅವನೇ ಕಲಿಸುತ್ತಿದ್ದ. ಹಾಗೇ ಬರೆದ: ಸೂಗಪ್ಪನ ಹಿತ್ತಲು, ಹನ್ನೊಂದು ಗಿಡ, ಅಮಾವಾಸ್ಯೆಗೊಮ್ಮೆ ಪ್ರಸಾದ, ಮೂರು ತಲೆಮಾರಿನ ಸೇವೆ. ಬರೆದಾದ ಮೇಲೆ ಕೆಳಗೆ ಅಪ್ಪನ ಹೆಬ್ಬಟ್ಟು ಬೇಕಾಯಿತು. ಕೇಳಿದರೆ ಅವನು ಒತ್ತುವವನಲ್ಲ. ಯಂಕೋಬ ತನ್ನ ಎಡಗೈ ಹೆಬ್ಬೆಟ್ಟಿಗೇ ಮಸಿ ಹಚ್ಚಿ ಅಪ್ಪನ ಹೆಸರಿನ ಮೇಲೆ ಒತ್ತಿದ. ದೇವದುರ್ಗದ ಸಂತೆಗೆ ಹೊರಟಿದ್ದ ಅಪ್ಪನ ಗೆಳೆಯ, ಭಜನೆಯ ಮೇಳದ ದನಿ ಎನಿಸಿಕೊಂಡಿದ್ದ ತಾಯಣ್ಣನ ಕೈಗೆ ಕೊಟ್ಟು, "ಕಾಕಾ, ಇದೊಂದು ತಾಲೂಕ ಕಚೇರ್ಯಾಗ ಕೊಟ್ಟು ಬಾ," ಅಂದ.

ಸಂಕ್ರಾಂತಿ ದಾಟಿದ ವಾರಕ್ಕೆ ಅದೇ ಅರ್ಜಿ ಹಿಡಿದು ಪೊಲೀಸರ ಜೀಪು ಬಂತು. ಯಂಕೋಬ ಮಾನ್ವಿಯಲ್ಲಿದ್ದ.

"ಕಾಗದ ತೋರಿಸಿದ್ರು," ಎಂದು ಪಾರ್ವತೆಮ್ಮ ಆಮೇಲೆ ಹೇಳಿದ್ದಳು. "ಈ ಹೆಬ್ಬಟ್ಟು ನಿಂದೇನಲೇ ಅಂದ್ರು. ನಿಮ್ಮಪ್ಪನ ಹೆಬ್ಬೆಟ್ಟಿನಾಗ ಕುಡಗೋಲಿನ ಗಾಯ ಇತ್ತಲ್ಲ, ಕಾಗದದಾಗ ಅದು ಇರಲಿಲ್ಲ, ನಾ ಕಣ್ಣಾರೆ ನೋಡೀನಿ. ಅವ ಬಾಳೊತ್ತು ನೋಡಿದ. ನೋಡಿ, ನಂದರೀ ಯಪ್ಪಾ, ಅಂದ. ಯಾರನ್ನ ಉಳಿಸಾಕ ಹಂಗ ಅಂದನೋ!"

ರಾಯಚೂರಿನಲ್ಲಿ ಕೇಸು ನಡೆಯುತ್ತಿರುವಾಗಲೇ ಹಳೆಯ ಉಬ್ಬಸ ಕೆದರಿ ಸೂಗಪ್ಪ ತೀರಿಕೊಂಡ. ದೇವದುರ್ಗದ ಕಚೇರಿಯಲ್ಲಿ ತಾಯಣ್ಣ ಕಾಗದ ಕೊಟ್ಟದ್ದನ್ನು ಯಾರೋ ಕಂಡಿದ್ದರು. ಸಹಿ ಬಲ್ಲ ಮಾಸ್ತರ ಹೆಬ್ಬಟ್ಟು ಒತ್ತಿಯಾನೆಂದು ಯಾರು ಎಣಿಸಿಯಾರು? ತಾಯಣ್ಣನೇ ಬರೆಸಿ ಒತ್ತಿದನೆಂದು ಊರು ಅವನೊಂದಿಗೆ ಮಾತು ಬಿಟ್ಟಿತು. ತಾಯಣ್ಣ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಬರೆದವನು ತಾನೆಂದು ಯಂಕೋಬನೂ ಅನ್ನಲಿಲ್ಲ. ನೌಕರಿ ಹೋದೀತು ಎಂಬುದು ತನಗೆ ತಾನು ಹೇಳಿಕೊಂಡ ಕಾರಣ. ಅವ್ವ ಮುಖ ನೋಡಳು ಎಂಬುದು ನಿಜವಾದ ಕಾರಣ.

ಇಂದು ಅಮಾವಾಸ್ಯೆ. ಆ ಕಾಗದ ತನ್ನದಲ್ಲವೆಂದು ತಾಯಣ್ಣ ಗದ್ದಿಗೆಯ ಬೂದಿ ನೆಕ್ಕಿ ಆಣೆ ಮಾಡಬೇಕೆಂದು ಮೇಳದ ಹಿರಿಯ ಪರಮಣ್ಣ ಹೇಳಿ ಕಳಿಸಿದ್ದ. ಸುಳ್ಳು ಆಣೆ ಮಾಡಿದ ಹಾಡುಗಾರನ ದನಿ ಹೋಗುತ್ತದೆಂದು ಅಲ್ಲಿನ ನಂಬಿಕೆ. ಆಣೆಗೆ ಒಪ್ಪದವನಿಗೆ ಮೇಳದಲ್ಲಿ ಜಾಗವಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಹದಿನೈದು ಮಂದಿ ಗದ್ದಿಗೆಯ ಬೇವಿನ ಕೆಳಗೆ ದುಂಡಗೆ ಕುಳಿತಿದ್ದರು. ಸೊಪ್ಪು ಇರಲಿಲ್ಲ. ಆದರೂ ಪರಮಣ್ಣ ಖಾಲಿ ಚಿಲುಮೆಯನ್ನೇ ಗದ್ದಿಗೆಗೆ ಮುಟ್ಟಿಸಿ ಬಲಗಡೆಯವನಿಗೆ ಕೊಟ್ಟ. ಒಬ್ಬೊಬ್ಬರೂ ಅದನ್ನು ಹಣೆಗೊತ್ತಿಕೊಂಡು ದಾಟಿಸಿದರು. ತಾಯಣ್ಣನ ಮುಂದೆ ಬಂದಾಗ ಅದು ಅವನ ಮೊಣಕಾಲಿನ ಮೇಲೆ ಹಾಯ್ದು ಆಚೆಯವನ ಕೈ ಸೇರಿತು. ತಾಯಣ್ಣನ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

ಚಿಲುಮೆ ಯಂಕೋಬನಿಗೆ ಬಂತು. ಬಿಸಿಯಾಗಿತ್ತು. ಬೆಂಕಿ ಕಾಣದ ಮಣ್ಣು ಈಗತಾನೇ ಯಾರೋ ಎಳೆದಿಟ್ಟಂತೆ ಬಿಸಿಯಾಗಿತ್ತು. ಹಣೆಗೊತ್ತಿದ. ಮಗ್ಗುಲಲ್ಲೇ, ಕಿವಿಯ ಹತ್ತಿರ, ಉಬ್ಬಸದ ಸುಯ್ಲು ಕೇಳಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಏಳಪಾ ತಾಯಣ್ಣ," ಅಂದ ಪರಮಣ್ಣ. "ಬೂದಿ ತಗೋ."

ತಾಯಣ್ಣ ಎದ್ದ. "ಬೂದಿ ಬ್ಯಾಡ. ಕಾಗದ ಕೊಟ್ಟಾಂವ ನಾನ."

"ಮತ್ತ ಹೆಬ್ಬಟ್ಟು?"

ತಾಯಣ್ಣ ಯಂಕೋಬನ ಕಡೆ ನೋಡಲಿಲ್ಲ. ಹಾಗೆ ನೋಡದೇ ಇದ್ದುದರಲ್ಲೇ ಅವನಿಗೆ ಎಲ್ಲ ಗೊತ್ತಿದೆಯೆಂದು ಯಂಕೋಬನಿಗೆ ತಿಳಿಯಿತು. "ಅದೂ ನಂದ," ಅಂದ. "ಜೀಪ್ ಹತ್ತೋವಾಗ ಸೂಗಪ್ಪ ನನ್ನ ಕೈ ಹಿಚಿಕಿ ಹೋಗ್ಯಾನ. ಇದಕಿಂತ ಹೆಚ್ಚು ಕೇಳಬ್ಯಾಡ್ರಿ. ನನ್ನ ಹೊರಗ ಹಾಕ್ರಿ."

ಅವನಿಗೆ ಹೊಲವಿರಲಿಲ್ಲ, ಮಕ್ಕಳಿರಲಿಲ್ಲ. ಇದ್ದುದು ಆ ದುಂಡಿನಲ್ಲಿ ಒಂದು ಜಾಗ. ಮಗ್ಗುಲಿನ ಸುಯ್ಲು ನಿಂತಿತು, ಏನೋ ಕೇಳಲು ಉಸಿರು ಹಿಡಿದವರಂತೆ.

"ಸುಳ್ಳು," ಅಂದ ಯಂಕೋಬ. "ಹೆಬ್ಬಟ್ಟು ನಂದು. ಬರದಾಂವ ನಾನು. ಅಪ್ಪಗ ಕೇಳಲಾರದ ಅರ್ಜಿ ಬರದೆ. ಹನ್ನೊಂದು ಗಿಡ ಅಂತ ಎಣಿಸಿ ಬರದೆ. ಮಾಫಿ ಸಿಗತದ ಅಂತ ಮಾಡಿದ್ದೆ. ಕಾಕಾಗ ಕಾಗದದಾಗ ಏನದ ಅಂತನೂ ಗೊತ್ತಿರಲಿಲ್ಲ."

ಪಾರ್ವತೆಮ್ಮ ಹೆಂಗಸರ ಸಾಲಿನಿಂದ ಎದ್ದು ಬಂದಳು. ಮಗನ ಎಡಗೈ ಎತ್ತಿ ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದಳು, ಗಾಯವಿಲ್ಲದ ಆ ನುಣುಪು ಬೆರಳನ್ನು. ಬಿಟ್ಟಳು. ಚಿಲುಮೆ ಕಿತ್ತುಕೊಂಡು ಹೋಗಿ ತಾಯಣ್ಣನ ಕೈಗಿಟ್ಟಳು. "ಕುಂದ್ರಪಾ," ಅಂದಳು. "ನಿನ್ನ ಜಾಗದಾಗ ಕುಂದ್ರು."

ಮನೆಗೆ ಬಂದ ಮೇಲೆ ಅವಳು ಮಗನ ಚೀಲ ತಂದು ಹೊಸ್ತಿಲಲ್ಲಿಟ್ಟಳು.

"ಯವ್ವಾ..."

"ನನ್ನ ನೋಡಾಕ ಬರತಾನ ಅಂತ ಮಾಡಿದ್ದೆ. ಮೂರು ದಿನ ನೀ ಪಡಸಾಲ್ಯಾಗ ಅಡ್ಡಾದಾಗ ನಿನ್ನ ತಲಿದೆಸಿಗೇ ಕುಂತಿದ್ದ. ನಿನ್ನ ಸಲುವಾಗಿ ಬರತಾನಲೇ ಅವ. ಕರಕೊಂಡು ಹೋಗು. ಅವ ಹೋಗಲಿ, ನೀನೂ ಹೋಗು. ಇಷ್ಟು ದಿನ ಮನ್ಯಾಗ ನಾ ಒಬ್ಬಾಕಿನ ಇದ್ದೆ ಅಂತ ತಿಳಕೊಳ್ತೀನಿ."

ಗಬ್ಬೂರಿನಲ್ಲಿ ಮಾನ್ವಿ ಕಡೆಯ ಸಿರವಾರದ ಬಸ್ಸು ತುಂಬಿ ಬಂತು. ಇಬ್ಬರು ಕೂರುವ ಒಂದು ಸೀಟು ಮಾತ್ರ ಖಾಲಿಯಿತ್ತು. ಯಂಕೋಬ ಕಿಟಕಿಯ ಕಡೆ ಜಾಗ ಬಿಟ್ಟು ಅದರ ತುದಿಗೆ ಮುದುಡಿ ಕುಳಿತ. ಅವನ ಹಿಂದೆ ಹತ್ತಿದ ಹತ್ತು ಮಂದಿ ನಿಂತೇ ಇದ್ದರು. ಕಂಡಕ್ಟರು ಬಂದು ಕಿಟಕಿಯ ಕಡೆ ಕೈ ತೋರಿಸಿದ.

"ಸರಿದು ಕುಂದರ್ರೀ ಮಾಸ್ತರ. ಇನ್ನೊಬ್ಬರು ಹಿಡೀತಾರ. ಅಲ್ಲಿ ಯಾರರ ಅದಾರೇನು?"

ಯಂಕೋಬ ಕಿಟಕಿಯ ಕಡೆ ತಿರುಗಿದ. ಬಾಳ ಹೊತ್ತು ನೋಡಿದ.

"ಅದಾರ್ರಿ," ಅಂದ. "ನಮ್ಮಪ್ಪ."