ಹಗೇವಿಗೆ ಇಳಿಸಿದ ದೀಪ

ಚಲುವಮ್ಮ ರಾಗಿಮುದ್ದೆ ಬಿಟ್ಟು ಐದು ವರ್ಷವಾಗಿತ್ತು. ಮೈದುನ ಸಣ್ಣಸ್ವಾಮಿಗೂ ಮಗಳು ಕಾಮಾಕ್ಷಿಗೂ ತಾನೇ ಹಿಟ್ಟು ತೊಳಸಿ, ಉಂಡೆ ಕಟ್ಟಿ, ಬಿಸಿಬಿಸಿಯಾಗಿ ಬಡಿಸುವಳು. ತನಗೆ ಮಾತ್ರ ಒಂದು ಲೋಟ ಅಕ್ಕಿಗಂಜಿ. ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ಒಕ್ಕಲು ಮನೆತನ ಅದು. ಅಂಥವರು ಮುದ್ದೆ ಬಿಡುವುದೆಂದರೆ ಸುಮ್ಮನೆ ಮಾತಲ್ಲ.

ಮನೆಯ ಹಿಂದಿನ ದಿಬ್ಬದಲ್ಲಿ ಹಗೇವು ಇತ್ತು. ನೆಲದೊಳಕ್ಕೆ ತೋಡಿದ ರಾಗಿಯ ಕಣಜ ಅದು, ಹೂಜಿಯ ಹಾಗೆ ಕತ್ತು ಸಣ್ಣ, ಹೊಟ್ಟೆ ದೊಡ್ಡದು. ಐದು ವರ್ಷದ ಹಿಂದೆ ರಾಗಿ ತೆಗೆಯಲೆಂದು ಇಳಿದ ಚಲುವಮ್ಮನ ಗಂಡ ಕೆಂಪಣ್ಣ ಅದರೊಳಗೇ ಸತ್ತ. ಮೈ ಮೇಲೆ ಒಂದು ಗಾಯವಿಲ್ಲ, ಹಾವು ಕಚ್ಚಿದ ಗುರುತಿಲ್ಲ. ಹೆಣವನ್ನು ಹಗ್ಗ ಹಾಕಿ ಎಳೆದ ಸಣ್ಣಸ್ವಾಮಿ ಅದೇ ಸಂಜೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ. ರಾಗಿ ಒಳಗೇ ಉಳಿಯಿತು. ಆ ರಾಗಿಯನ್ನು ಯಾರು ತಿಂದಾರು?

ಮಟಮಟ ಮಧ್ಯಾಹ್ನ ಚಪ್ಪಡಿಗೆ ಕಿವಿಯಿಟ್ಟರೆ ಒಳಗೆ ಕೆಂಪಣ್ಣ ಉಸಿರಾಡುವುದು ಕೇಳುತ್ತದಂತೆ! ಊರಲ್ಲಿ ಎಲ್ಲರೂ ಹೀಗೆ ಹೇಳುವವರೇ. ಕಿವಿಯಿಟ್ಟವರು ಯಾರಪ್ಪಾ ಎಂದರೆ ಒಬ್ಬರೂ ಇಲ್ಲ. ಇಟ್ಟವಳು ಕಾಮಾಕ್ಷಿಯೊಬ್ಬಳೇ, ಅವಳು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಕೇಳಿಸಿದ್ದು ಉಸಿರೂ ಅಲ್ಲ. "ದೀಪ ಉರೀತಾ ಕೂಸೇ?" ಎಂಬ ಅಪ್ಪನ ದನಿ. ಕಡ್ಡಿ ಗೀರುವ ಸದ್ದು ಎಲ್ಲಿ ಬಂದರೂ ಆ ದನಿ ಹಿಂದೆಯೇ ಬರುತ್ತಿತ್ತು.

ಹಗೇವಿಗೆ ಇಳಿಯುವ ಮುಂಚೆ ಹಗ್ಗಕ್ಕೆ ಬುಡ್ಡಿದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಇಳಿಯಬಹುದು, ಆರಿದರೆ ಇಳಿಯಬಾರದು. ಆ ಮನೆಯಲ್ಲಿ ಅದು ಚಲುವಮ್ಮನ ಕೆಲಸ. ಆ ದಿನ ಅವಳು ಚಪ್ಪಡಿಯ ಮಣ್ಣು ಬಿಡಿಸಿ ಬಂದ ಮೇಲೆ ತಾನು ಮುಟ್ಟಾಗಿರುವುದು ತಿಳಿಯಿತು. ಹೊರಗೆ ಕೂತಳು. ದೀಪ ಇಳಿಸಲು ಹತ್ತು ವರ್ಷದ ಮಗಳನ್ನು ಕಳಿಸಿದಳು. ಮುಟ್ಟಿನ ಕೈ ಚಪ್ಪಡಿಗೆ ತಾಗಿದ್ದರಿಂದಲೇ ಹಗೇವು ಗಂಡನನ್ನು ನುಂಗಿತು ಎಂದು ಅವಳು ನಂಬಿಬಿಟ್ಟಳು. ಮುದ್ದೆ ಬಿಟ್ಟಿದ್ದು ಅದಕ್ಕೇ.

ಕಾಮಾಕ್ಷಿಗೆ ಗೊತ್ತಿದ್ದದ್ದು ಬೇರೆ. ಅವಳು ಇಳಿಸಿದ ದೀಪ ಆರಿತ್ತು. ಎಳೆದು ಹಚ್ಚಿ ಮತ್ತೆ ಇಳಿಸಿದಳು, ಮತ್ತೆ ಆರಿತು. ಬೆಳಿಗ್ಗೆಯಷ್ಟೇ ಕಡ್ಡಿ ಹಾಳು ಮಾಡಿದ್ದಕ್ಕೆ ಬೈಸಿಕೊಂಡಿದ್ದಳು. ಗಾಳಿಗೆ ಆರಿರಬೇಕು ಎಂದುಕೊಂಡು ಮೂರನೆಯ ಸಲ ಹಚ್ಚಿ, ಇನ್ನೊಂದು ಕಡ್ಡಿ ಹಾಳಾಗದಿರಲಿ ಎಂದು ಇಳಿಸದೆ ಕೈಯಲ್ಲೇ ಹಿಡಿದು ನಿಂತಳು. ಅಪ್ಪ ಕುಕ್ಕೆ ಹಿಡಿದು ಬಂದ. "ದೀಪ ಉರೀತಾ ಕೂಸೇ?" "ಊಂ ಅಪ್ಪಯ್ಯ, ಉರೀತು." ಕೈಯಲ್ಲಿ ಉರಿಯುತ್ತಿತ್ತಲ್ಲ!

ಇದನ್ನು ಹೇಳಿದರೆ ಅವ್ವನ ತಲೆ ಮೇಲಿನ ಪಾಪ ಇಳಿಯುತ್ತದೆ, ಆದರೆ ಅಪ್ಪನನ್ನು ಕೊಂದವಳು ತಾನಾಗುತ್ತೇನೆ. ಹೀಗೆಂದು ಹುಡುಗಿ ಐದು ವರ್ಷ ಬಾಯಿ ಹೊಲಿದುಕೊಂಡಿದ್ದಳು.

ಹೈಸ್ಕೂಲಿನ ಬೋಜಮ್ಮ ಟೀಚರ್ ವಿಜ್ಞಾನ ಹೇಳಿಕೊಡುತ್ತಿದ್ದರು. ಮಡಿಕೇರಿಯಲ್ಲಿ ಇಡೀ ರಾಜ್ಯದ ಶಾಲೆಗಳ ವಸ್ತುಪ್ರದರ್ಶನ. ಕೊಡಗು ಆಗಿನ್ನೂ ಬೇರೆಯೇ ರಾಜ್ಯ. ಇಡೀ ರಾಜ್ಯ ಎಂದರೆ ಎಷ್ಟು ಮಹಾ, ಎರಡು ದಿನದಲ್ಲಿ ಬಸ್ಸಲ್ಲಿ ಸುತ್ತಿ ಬರುವಷ್ಟು ಕೊಡಗು. ಆದರೂ ಟೀಚರಿಗೆ ಹುರುಪು. ಅಡುಗೆಸೋಡದ ಪೊಟ್ಟಣ, ತಮ್ಮ ಮನೆಯ ಕಾಚಂಪುಳಿಯ ಬಾಟಲಿ, ಒಂದು ಗಾಜಿನ ಜಾಡಿ ತಂದು ಕಾಮಾಕ್ಷಿಯ ಮುಂದಿಟ್ಟರು.

"ಹಂದಿ ಸಾರಿಗೆ ಹಾಕೋ ಹುಳಿ ಇದು, ನಿಮ್ಮನೇಲಿ ಗಲಾಟೆ ಆದ್ರೆ ಇಲ್ಲೇ ಮಾಡು" ಎಂದು ನಕ್ಕರು. "ಎಷ್ಟು ಸೋಡಕ್ಕೆ ಎಷ್ಟು ಹುಳಿ, ಎಷ್ಟು ಗಾಳಿ ಹುಟ್ಟುತ್ತೆ, ತೂಕ ಹಾಕಿ ಬರಿ. ಯಾವುದೂ ಮಾಯ ಆಗಲ್ಲ, ನೆನಪಿಟ್ಕೋ."

ಅರ್ಧ ತೊಲ ಸೋಡಕ್ಕೆ ನಾಲ್ಕು ಚಮಚ ಹುಳಿ. ನಾಲ್ಕರವರೆಗೆ ಬುಸ್ಸೆಂದು ನೊರೆಯುಕ್ಕಿತು, ಐದನೆಯದು ಸುಮ್ಮನೆ ಬಿದ್ದಿತ್ತು. ನೊರೆ ನಿಂತ ಮೇಲೆ ತಕ್ಕಡಿಯಲ್ಲಿಟ್ಟರೆ ತೂಕ ಕಾಲು ತೊಲಕ್ಕಿಂತ ಒಂದು ಚೂರು ಜಾಸ್ತಿಯೇ ಇಳಿದಿತ್ತು. ಆ ಕಡಿಮೆಯಾದದ್ದೇ ಗಾಳಿ. ಮೂರು ಸಲ ಮಾಡಿದರೂ ಅದೇ ಲೆಕ್ಕ. ಕಾಮಾಕ್ಷಿಗೆ ಖುಷಿಯಾಯಿತು.

"ಈಗ ಆ ಗಾಳಿ ಹೇಗಿದೆ ನೋಡು" ಎಂದು ಟೀಚರ್ ಜಾಡಿಯ ತಳದಲ್ಲಿ ಮತ್ತೆ ಸೋಡ, ಹುಳಿ ಬೆರೆಸಿದರು. ಮೇಣದ ಬತ್ತಿಯ ತುಂಡನ್ನು ತಂತಿಗೆ ಸಿಕ್ಕಿಸಿ, ಕಡ್ಡಿ ಗೀರಿ ಹಚ್ಚಿ ಮೆಲ್ಲಗೆ ಇಳಿಸಿದರು. ಜಾಡಿಯ ಕುತ್ತಿಗೆ ದಾಟಿತೋ ಇಲ್ಲವೋ, ಬತ್ತಿ ಆರಿತು. ಎತ್ತಿ ಹಚ್ಚಿ ಮತ್ತೆ ಇಳಿಸಿದರು. ಮತ್ತೆ ಆರಿತು. "ಕಾಳು ಕೊಳೆತರೂ ಇದೇ ಗಾಳಿ ಹುಟ್ಟುತ್ತೆ, ಇದ್ರಲ್ಲಿ ಮನುಷ್ಯನಿಗೂ ಉಸಿರು ಕಟ್ಟುತ್ತೆ" ಎಂದರು. ಕಿಟಕಿ ಮುಚ್ಚಿತ್ತು, ಗಾಳಿ ಬೀಸಿರಲಿಲ್ಲ. ದೀಪ ಉರೀತಾ ಕೂಸೇ?

ಕಾಮಾಕ್ಷಿ ಒಂದು ಲೆಕ್ಕ ಕೇಳಿದಳು. ಹತ್ತಡಿ ಆಳ, ಆರಡಿ ಅಗಲದ ಗುಂಡಿ, ಅರ್ಧ ರಾಗಿ ತುಂಬಿದೆ. ಅಲ್ಲಿ ದೀಪ ಆರಬೇಕಾದರೆ ಎಷ್ಟು ರಾಗಿ ಕೊಳೆತಿರಬೇಕು? ಟೀಚರ್ ಬೋರ್ಡಿನ ತುಂಬ ಬರೆದು, ಕೂಡಿ ಕಳೆದು, ಕೊನೆಗೆ ಹೇಳಿದರು: "ಒಂದು ಸೇರು ಸಾಕು. ಯಾರ ಮನೆ ಗುಂಡಿ ಕಾಮಾಕ್ಷಿ?"

"ನಮ್ದೇ ಟೀಚರ್."

ಬೋಜಮ್ಮನವರು ಬೋರ್ಡು ಒರೆಸಿದರು. ಆಮೇಲೆ ಜಾಡಿ, ಸೋಡ, ಹುಳಿ, ತಂತಿಯ ಬತ್ತಿ ಎಲ್ಲವನ್ನೂ ಚೀಲಕ್ಕೆ ಹಾಕಿ ಕೊಟ್ಟರು. "ಮಡಿಕೇರಿಗೆ ಆಮೇಲೆ ಹೋಗೋಣ. ಮೊದಲು ನಿಮ್ಮ ಅವ್ವನಿಗೆ ತೋರಿಸು."

ಅಂದು ಶನಿವಾರ. ಮಧ್ಯಾಹ್ನ ಮನೆಗೆ ಬಂದಾಗ ಚಲುವಮ್ಮ ಮುದ್ದೆ ಕಟ್ಟುತ್ತಿದ್ದಳು. ಕಾಮಾಕ್ಷಿ ಒಲೆಯ ಪಕ್ಕದಲ್ಲೇ ಜಾಡಿ ಇಟ್ಟು, ಸೋಡ ಹಾಕಿ, ಹುಳಿ ಸುರಿದು ಬತ್ತಿ ಇಳಿಸಿದಳು. ಆರಿತು.

"ಇದೇನೇ ಮಾಟ!" ಎಂದು ಚಲುವಮ್ಮ ಹಿಂದೆ ಸರಿದಳು.

"ಮಾಟ ಅಲ್ಲ ಕಣವ್ವ. ಹಗೇವೊಳಗೂ ಇಂಥ ಗಾಳಿನೇ ಇದ್ದದ್ದು. ಒಂದು ಸೇರು ರಾಗಿ ಕೊಳೆತ್ರೆ ಸಾಕಂತೆ. ನೀನು ಮುಟ್ಟಿದ್ದಕ್ಕಲ್ಲ."

ಚಲುವಮ್ಮ ಜಾಡಿಯನ್ನೇ ನೋಡಿದಳು. ಅವಳೇನು ದಡ್ಡಿಯಲ್ಲ. ಹಗೇವಿಗೆ ದೀಪ ಇಳಿಸಿ ಇಳಿಸಿ ಕೈ ಪಳಗಿದವಳು.

"ಹಂಗಾದ್ರೆ ಅವತ್ತೂ ದೀಪ ಆರ್ಬೇಕಿತ್ತಲ್ಲ?"

ಕಾಮಾಕ್ಷಿ ಜಾಡಿಯಿಂದ ತಂತಿ ಎತ್ತಿದಳು. "ಆರ್ತು ಕಣವ್ವ. ಎರಡು ಸಲ ಆರ್ತು. ನಾನೇ ಉರೀತು ಅಂದೆ."

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಚಲುವಮ್ಮ ಎದ್ದು ಹೊರಗೆ ಹೋಗಿ ದಿಬ್ಬದ ಚಪ್ಪಡಿಯ ಮೇಲೆ ಕೂತಳು. ಐದು ವರ್ಷದಲ್ಲಿ ಅವಳು ಅತ್ತ ಕಾಲಿಟ್ಟವಳಲ್ಲ. ಅಂಗೈಯನ್ನು ಕಲ್ಲಿನ ಮೇಲೆ ಊರಿ ಕೂತೇ ಇದ್ದಳು. ಬಾಗಿಲಲ್ಲಿ ನಿಂತ ಕಾಮಾಕ್ಷಿಗೆ ಹೋಗಿ ಕಾಲು ಹಿಡಿಯುವ ಧೈರ್ಯ ಬರಲಿಲ್ಲ. ಸಾರು ಸೀದ ವಾಸನೆ ಬಂದ ಮೇಲೆ ಚಲುವಮ್ಮ ಒಳಗೆ ಬಂದಳು.

"ಹತ್ತು ವರ್ಷದ ಕೂಸು, ನಿಂಗೇನು ಗೊತ್ತಾದಾತು. ನನ್ನ ಕೆಲ್ಸಕ್ಕೆ ನಿನ್ನ ಕಳಿಸ್ದೋಳು ನಾನು. ಅದಕ್ಕೆ ನಿನ್ನ ಬೈಯಲ್ಲ" ಎಂದಳು. ಅಷ್ಟರಲ್ಲಿ ದನಿ ಒಡೆಯಿತು. "ಆದ್ರೆ ಐದು ವರ್ಷ ನಾನು ಗಂಜಿ ಕುಡಿಯೋದ ಎದುರ್ಗೆ ಕೂತು ನೋಡ್ಕಂಡು ಮುದ್ದೆ ಉಂಡೆಯಲ್ಲೇ! ಹೆಂಗೆ ಇಳೀತೇ ನಿಂಗೆ ಗಂಟ್ಲಲ್ಲಿ?"

ಕಾಮಾಕ್ಷಿ ಜಾಡಿಯನ್ನು ಒಲೆಯ ಪಕ್ಕದಿಂದ ಆಚೆಗೆ ಸರಿಸಿದಳು.

ಚಲುವಮ್ಮ ಊಟದ ತಣಿಗೆ ಎಳೆದುಕೊಂಡು ಮಗಳಿಗೆಂದು ಕಟ್ಟಿದ ಮುದ್ದೆಯನ್ನು ಎರಡು ಪಾಲು ಮಾಡಿದಳು. ಒಂದನ್ನು ಅವಳ ಕಡೆ ನೂಕಿ, ಇನ್ನೊಂದರಿಂದ ತುತ್ತು ಮುರಿದು ಸೀದ ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಹಾಲು ಬಿಟ್ಟ ಮಕ್ಕಳಿಗೆ ಮೊದಲು ಕಲಿಸುವುದು ಅದನ್ನೇ. ಅವ್ವನಿಗೆ ಅದು ಮರೆತುಹೋಗಿತ್ತು. ಕಣ್ಣೀರು ಸುರಿಸುತ್ತ ಮೆಲ್ಲಗೆ ಅಗಿಯುತ್ತಿದ್ದಳು.

"ನುಂಗವ್ವ" ಎಂದಳು ಕಾಮಾಕ್ಷಿ. ತನ್ನ ಪಾಲಿನ ತುತ್ತು ಅವಳ ಕೈಯಲ್ಲೇ ಇತ್ತು.