ಮಡಗಾಂವದ ಕುಶನ್ ಕವರ್

ಮುಂದಿನ ಸೀಟಿನ ರೆಕ್ಸಿನ್ ಹರಿದಿದೆ, ಒಳಗಿನ ಸ್ಪಂಜು ಹಳದಿಯಾಗಿ ಇಣುಕುತ್ತಿದೆ, ಯಾರೂ ಒಂದು ಹೊಲಿಗೆ ಹಾಕಿಲ್ಲ, ಸೂಜಿ ದಾರ ಚೀಲದಲ್ಲಿದ್ದಿದ್ದರೆ ಕೂತಲ್ಲೇ ಹಾಕಿಬಿಡುತ್ತಿದ್ದೆ — ಆಮೇಲೆ ಕಂಡಕ್ಟರು ಇದನ್ನೂ ಮಡಗಾಂವದಲ್ಲಿ ಮಾಡಿಸಿದ್ದು ಅಂತ ಹೇಳಿಕೊಂಡು ತಿರುಗುತ್ತಿದ್ದನೋ ಏನೋ. ಮಡಗಾಂವ! ಎಷ್ಟು ಸಲೀಸಾಗಿ ಬಂತು ಆ ಮಾತು ನಮ್ಮ ಮನೆಯವರ ಬಾಯಿಂದ. ಮೊನ್ನೆ ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ, ಹೊರಗೆ ಇವರ ಸಾಹೇಬರು, ಸಾಹೇಬರ ಹೆಂಡತಿ ಪ್ರಗತಿ ಮೇಡಂ, ಕಾರವಾರದಿಂದ ಅಂಕೋಲೆಗೆ ಯಾವುದೋ ಮದುವೆಗೆ ಬಂದವರು ಹಾಗೇ ನಮ್ಮ ಮನೆಗೂ ಬಂದಿದ್ದರು, ಮೇಡಂ ದನಿ ಒಳಗಿನವರೆಗೆ ಕೇಳುತ್ತಿತ್ತು, ಎಷ್ಟು ಚೆಂದ ಇದಾವೆ ಈ ಕುಶನ್ ಕವರು, ಎಲ್ಲಿ ತಗೊಂಡ್ರಿ ರಾಮನಾಥ್? ನನ್ನ ಕೈ ಅಲ್ಲೇ ನಿಂತಿತು, ಈಗ ಹೇಳುತ್ತಾರೆ, ನಮ್ಮ ದಮಯಂತಿ ಹೊಲಿದದ್ದು ಅನ್ನುತ್ತಾರೆ, ನಾನು ಸೆರಗು ಸರಿಮಾಡಿಕೊಂಡು ಹೊರಗೆ ಬರಬೇಕು — ಅದು ಮಡಗಾಂವದ್ದು ಮೇಡಂ, ಅಲ್ಲಿ ಒಂದು ದೊಡ್ಡ ಅಂಗಡಿ ಅದೆ, ಅಂದರು ಇವರು. ಯಾವ ಅಂಗಡಿ? ಗೋವೆಯ ಆ ಮಡಗಾಂವಕ್ಕೆ ಇವರು ಕಡೆಯ ಬಾರಿ ಹೋದದ್ದು ಹಲ್ಲು ಕೀಳಿಸಲಿಕ್ಕೆ.

ಟ್ರೇ ಹಿಡಿದು ಬಂದೆ, ಇವರ ಮುಖ ನೋಡಿದೆ, ಇವರು ಫ್ಯಾನ್ ನೋಡಿದರು. ನಾನು ಮಳೆಗಾಲವಿಡೀ ಕೂತು ಹೊಲಿದದ್ದು ಅವು, ಅರಿಶಿನ ಕುಂಕುಮಕ್ಕೆ ಕರೆದವರು ಉಡಿಗೆ ಹಾಕಿದ ರವಿಕೆ ಖಣಗಳು, ಎಷ್ಟು ವರ್ಷದವು, ಹೊಲಿಸಿಕೊಳ್ಳಲೂ ಇಲ್ಲ ಬಿಸಾಡಲೂ ಇಲ್ಲ, ಟ್ರಂಕಿನಲ್ಲೇ ಕೂತಿದ್ದವು, ಅವನ್ನು ಚೌಕ ಚೌಕ ಕತ್ತರಿಸಿ, ಜೋಡಿಸಿ, ಒಳಗೆ ಅಸ್ತರು ಕೊಟ್ಟು, ಹಿಂದೆ ಜಿಪ್ಪು ಇಟ್ಟು, ಆಗ ಇವರು ಪೇಪರ್ ಹಿಡಿದುಕೊಂಡು ಹೋಗುತ್ತ ಬರುತ್ತ, ಇವ್ಳ ಚಿಂದಿ ಇನ್ನೂ ಮುಗೀಲಿಲ್ವಾ ಅಂತ, ಮಷಿನ್ನಿನ ಸದ್ದಿಗೆ ಟೀವಿ ಕೇಳೂದಿಲ್ಲ ಅಂತ. ಮನೆಯೊಳಗೆ ಚಿಂದಿ, ಸಾಹೇಬರ ಮುಂದೆ ಮಡಗಾಂವ! ಹೋಗಲಿ, ಸುಳ್ಳು ಹೇಳಿದ್ದನ್ನಾದರೂ ನುಂಗಿಕೊಳ್ಳುತ್ತಿದ್ದೆ, ಹೊರಡುವಾಗ ಮೇಡಂ ಇನ್ನೊಮ್ಮೆ ಅದರ ಮೇಲೆ ಕೈಯಾಡಿಸಿದರು, ಅಷ್ಟೇ, ಪಾಪ ಅವರೇನೂ ಕೇಳಲಿಲ್ಲ, ಇವರು ಸೋಫಾದಿಂದ ಆ ಕುಶನ್ ಎತ್ತಿ ಅವರ ಕೈಗೇ ತುರುಕಿದರು, ತಕೊಳಿ ಮೇಡಂ, ನಮಗೆ ಇನ್ನೊಂದು ತರೂಕೆ ಬರ್ತದೆ. ಇದ್ದ ಎಲ್ಲದರಲ್ಲಿ ಅದನ್ನೇ, ನಡುವೆ ನನ್ನ ಹೆತ್ತ ಆಯಿಯ ಖಣ ಇದ್ದದ್ದನ್ನೇ. ನನ್ನ ಕೈಯಲ್ಲಿ ಖಾಲಿ ಕಪ್ಪುಗಳ ಟ್ರೇ, ಮುಖದ ಮೇಲೆ ನಗು ಹಾಗೇ ಉಳಿದುಬಿಟ್ಟಿತ್ತು, ಬಾಯಿ ತೆರೆಯುವುದರೊಳಗೆ ಕಾರಿನ ಬಾಗಿಲು ಹಾಕಿಯಾಗಿತ್ತು.

ಅದು ನಮ್ಮ ಆಯಿ ಕೊಟ್ಟ ಖಣ ಅಂದೆ ಇವರಿಗೆ. ಅಯ್ಯೋ, ಒಂದು ಚಿಂದಿಗೆ ಇಷ್ಟು ರಂಪ ಎಂತಕ್ಕೆ, ಇನ್ನೊಂದು ಹೊಲಿ, ನಿಂಗೆ ಬೇರೆ ಕೆಲಸ ಎಂತದು ಅದೆ. ನಾನು ಹೊಲಿದದ್ದು ಅಂತ ಹೇಳೂಕೆ ಎಂತ ಆಗಿತ್ತು ನಿಮಗೆ? ಹೆಂಡ್ತಿ ಹಳೇ ಬಟ್ಟೆ ಜೋಡಿಸಿ ಸೋಫಾಕ್ಕೆ ಹಾಕ್ತದೆ ಅಂತ ಸಾಹೇಬ್ರ ಮುಂದೆ ಹೇಳೂದಾ, ಮರ್ಯಾದಿ ಬೇಡ್ವಾ? ಮರ್ಯಾದೆಯಂತೆ. ಯಾರ ಮರ್ಯಾದೆ? ಮಗಳು ದೀಕ್ಷಾ ಕೂಡ ಫೋನಿನಲ್ಲಿ, ಬಿಡೇ ಅಮ್ಮಾ, ಅಪ್ಪನ ಸ್ವಭಾವ ಗೊತ್ತಲ್ಲ. ಗೊತ್ತು, ಗೊತ್ತಿದ್ದೇ ಇಷ್ಟು ವರ್ಷ ಬಿಟ್ಟದ್ದು, ಮೊನ್ನೆಯಿಂದ ಮಷಿನ್ನಿನ ಮುಂದೆ ಕೂತರೆ ಕಾಲು ಓಡುತ್ತಿಲ್ಲ, ಇವತ್ತು ಇವರು ಆಫೀಸಿನ ಕೆಲಸದ ಮೇಲೆ ಕುಮಟೆಗೆ ಹೋದರು, ನಾನು ಬೀಗ ಹಾಕಿ ಕಾರವಾರದ ಬಸ್ಸು ಹತ್ತಿದೆ.

ಅವರ್ಸಾ ಹೋಯಿತು, ಅಮದಳ್ಳಿ ಹೋಯಿತು, ಈಗ ಚೆಂಡಿಯಾ, ಎಡಕ್ಕೆ ಗೋಡೆ ಶುರು, ಗೋಡೆ, ಗೋಡೆ, ಮೇಲೆ ತಂತಿ, ಅದರಾಚೆ ಎಲ್ಲೋ ನಮ್ಮ ತವರುಮನೆ ಇದ್ದ ಜಾಗ, ನೌಕಾನೆಲೆಗೆ ಹೋಯಿತು, ಎಲ್ಲರದ್ದೂ ಹೋಯಿತು. ಕಡೆಯ ದಿನ ನಾನು ಅಂಕೋಲೆಯಿಂದ ಬಂದಿದ್ದೆ, ಹಂಚು ಇಳಿಸಿಯಾಗಿತ್ತು, ಮನೆಯೊಳಗೆ ಬಿಸಿಲು, ಒಲೆಯ ಮೇಲೆ ಬಿಸಿಲು, ಆಯಿ ಟ್ರಂಕು ತೆಗೆದು ನೇರಳೆ ಬಣ್ಣದ ಖಣ ಹುಡುಕುತ್ತಾಳೆ, ಅಣ್ಣ ಹೊರಗಿನಿಂದ ಕೂಗುತ್ತಾನೆ, ಲಾರಿ ಕಾಯ್ತದೆ ಆಯೀ, ಕಾಯ್ಲಿ ಅನ್ನುತ್ತಾಳೆ ಆಯಿ, ಹೆಣ್ಣುಮಗಳನ್ನ ಈ ಮನೆಯಿಂದ ಬರಿ ಉಡಿಯಲ್ಲಿ ಕಳಿಸೂದಿಲ್ಲ ನಾನು, ಬಾ ತಂಗೀ, ಇಲ್ಲಿ ಕೂರು, ಪೂರ್ವಕ್ಕೆ ಮುಖ ಮಾಡು. ಅಕ್ಕಿ, ತೆಂಗಿನಕಾಯಿ, ಖಣ. ಆಮೇಲೆ ತೋಡೂರಿನ ನಿರಾಶ್ರಿತರ ಹೊಸ ಕಾಲನಿಯಲ್ಲಿ ಅವಳು ಹೆಚ್ಚು ದಿನ ಬದುಕಲಿಲ್ಲ, ಆ ಮನೆಯಲ್ಲಿ ಉಡಿ ತುಂಬಿಸಿಕೊಳ್ಳುವ ಭಾಗ್ಯ ನನಗೆ ಬರಲಿಲ್ಲ. ಇದನ್ನೆಲ್ಲ ಇವರಿಗೆ ಹೇಳಿಲ್ಲವೇ? ಹೇಳಿದ್ದೇನೆ. ಊಟ ಮಾಡುತ್ತ ಹೂಂ ಅಂದಿದ್ದಾರೆ.

ಸುರಂಗದ ಕತ್ತಲು, ಆಮೇಲೆ ಒಮ್ಮೆಲೇ ಸಮುದ್ರ, ಕಾರವಾರ. ಹಬ್ಬುವಾಡದಲ್ಲಿ ಕೇಳಿ ಕೇಳಿ ಸಾಹೇಬರ ಮನೆ ಸಿಕ್ಕಿತು. ಸಿಟ್ಟಿಗೆ ಬೆಲ್ ಎರಡು ಸಲ ಒತ್ತಿದೆ. ಮೇಡಂ ಬಾಗಿಲು ತೆಗೆದರು, ಅರೇ ನೀವಾ, ಬನ್ನಿ, ಒಬ್ಬರೇ ಬಂದಿರಾ? ಸೋಫಾದ ಮೂಲೆಯಲ್ಲಿ ಅದು ಕೂತಿತ್ತು, ಎಲ್ಲಕ್ಕಿಂತ ಮುಂದೆ, ಒಳ್ಳೆ ಜಾಗದಲ್ಲೇ ಇಟ್ಟಿದ್ದರು. ಕೂರಲಿಲ್ಲ ನಾನು. ಮೇಡಂ, ಇದು ಮಡಗಾಂವದ್ದಲ್ಲ, ನಾನು ಹೊಲಿದದ್ದು, ನಡುವಿನದು ನಮ್ಮ ಆಯಿ ಚೆಂಡಿಯಾದ ಮನೆ ಬಿಡೂ ದಿವಸ ನನ್ನ ಉಡಿಗೆ ಹಾಕಿದ್ದು, ನನಗೆ ವಾಪಸ್ ಬೇಕು. ಅವರ ಮುಖ ಕೆಂಪಾಯಿತು. ಅಯ್ಯೋ, ರಾಮನಾಥ್ ಅವರೇ ಕೊಟ್ಟಿದ್ದಲ್ವಾ, ನಾನು ಬೇಡ ಬೇಡ ಅಂದೆ... ಅವರದಲ್ಲ ಮೇಡಂ ಅದು, ಅವರು ಕೊಡೂಕೆ ಬರೂದಿಲ್ಲ. ಅಷ್ಟು ಗಟ್ಟಿಯಾಗಿ ಹೇಳಿದ್ದು ನಾನೇನಾ? ಅವರು ಕುಶನ್ ಎತ್ತಿ ಕೊಟ್ಟರು, ನಾನು ಅಲ್ಲೇ ಜಿಪ್ಪು ಎಳೆದು ಕವರು ಕಳಚಿದೆ, ಕುಶನ್ ನಿಮ್ಮಲ್ಲೇ ಇರಲಿ, ಕೊಟ್ಟದ್ದು ಪೂರ್ತಿ ವಾಪಸ್ ಬೇಡ. ಚಹಾ ಕುಡಿದು ಹೋಗಿ ಅಂದರು, ಮನಸ್ಸಿನಿಂದಲೇ ಅಂದರು, ಬೇಡ ಅಂದು ಮೆಟ್ಟಿಲಿಳಿದೆ.

ಈಗ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೇನೆ, ಕವರು ಮಡಿಲಲ್ಲಿದೆ, ಫೋನು ಆಗಲೇ ಹೊಡೆದುಕೊಳ್ಳುತ್ತಿದೆ, ಇವರೇ, ಎತ್ತಿದೆ. ಎಂತ ಮಾಡಿ ಬಂದೆ ನೀನು? ಸಾಹೇಬ್ರು ಫೋನ್ ಮಾಡಿದ್ರು, ನಾನು ನಾಳೆ ಯಾವ ಮುಖ ತಕೊಂಡು ಆಫೀಸಿಗೆ ಹೋಗೂದು? ಮಡಗಾಂವದಲ್ಲಿ ಸಿಗ್ತದಾ ನೋಡಿ ಅಂದೆ, ಇಟ್ಟೆ. ರಾತ್ರಿ ಇವರು ಊಟಕ್ಕೆ ತಾವೇ ಬಡಿಸಿಕೊಳ್ಳುತ್ತಾರೆ, ನಾಳೆ, ನಾಡಿದ್ದು — ಆದರೆ ಆ ಕುಶನ್, ಬರೀ ಕುಶನ್, ಈಗ ನೆನಪಾಗುತ್ತಿದೆ, ಹತ್ತಿ ತುಂಬಿದ ಒಳಚೀಲ ಹೊಲಿದದ್ದು ಇವರ ಹಳೇ ಪಂಚೆಯಿಂದ, ಬಾಳೆಕಾಯಿ ಸೊನೆ ತಾಗಿ ಇನ್ನು ಉಡೂಕಾಗೂದಿಲ್ಲ ಅಂತ ಅವರೇ ಬಿಸಾಡಿದ ಪಂಚೆ, ಎಷ್ಟು ಒಗೆದರೂ ಹೋಗದ ಕಂದು ಕಲೆ — ಯಲ್ಲಾಪುರದ ಬಸ್ಸು ಬಂತು, ನನ್ನದಲ್ಲ, ಮೇಡಂ ಅದನ್ನು ಒಳಗೆ ಇಟ್ಟಿರಬಹುದು, ಇಲ್ಲ, ಕೈಯಲ್ಲಿ ಹಿಡಿದು ನಿಂತಿದ್ದರು, ನಾನು ತಿರುಗಿ ನೋಡುವಾಗ ಸೋಫಾದ ಮೇಲೆಯೇ ಇಟ್ಟರು, ಇವರು ಏನು ಹೇಳಿದರೂ, ಎಷ್ಟು ಕೂಗಿದರೂ, ಸಾಹೇಬರು ಸಂಜೆ ಬಂದು ಬೂಟು ಬಿಚ್ಚಿ ಕೂರುವಾಗ, ಬೆನ್ನ ಹಿಂದೆ, ಇವರದೇ ಬಿಳೀ ಪಂಚೆ, ಅಂಗೈಯಗಲದ ಆ ಕಂದು ಕಲೆ —