ಕೋಡಿನ ಕೊನೆಯ ಎಂ

ಇಂಗ್ಲೆಂಡಿನ ಫ್ಲೀಟ್‌ವುಡ್ ಬಂದರಿನ ಮೀನಿನ ಕಂಪನಿಯೊಂದರಲ್ಲಿ ಮೂವತ್ತೆಂಟು ವರ್ಷ ಸಂಬಳದ ಲೆಕ್ಕ ನೋಡುವ ಗುಮಾಸ್ತನಾಗಿದ್ದವನು ನಾನು, ಡೆರಿಕ್ ಥ್ರೆಲ್‌ಫಾಲ್. ಯಾರ ತೆರಿಗೆ ಕೋಡ್, ಅಂದರೆ ಎಷ್ಟು ತೆರಿಗೆ ಹಿಡಿಯಬೇಕೆಂದು ಹೇಳುವ ಅಂಕಿ-ಅಕ್ಷರ, ಏನು, ಅದರಲ್ಲಿ ತಪ್ಪೇನು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಈಗ ವಯಸ್ಸು ಎಪ್ಪತ್ತೆಂಟು. ಪ್ರತಿ ಗುರುವಾರ ಬೆಳಿಗ್ಗೆ ಲೈಬ್ರರಿಯ ಒಂದು ಮೇಜಿನಲ್ಲಿ ಕೂತು, ಪಿಂಚಣಿದಾರರು ತರುವ ತೆರಿಗೆ ಕಚೇರಿಯ ಕಂದು ಲಕೋಟೆಗಳನ್ನು ಒಡೆದು ಓದಿ ಹೇಳುತ್ತೇನೆ. ಬಿಟ್ಟಿ ಕೆಲಸ. ಪುಣ್ಯ ಕಟ್ಟಿಕೊಳ್ಳುವ ಆಸೆಯಿಂದಲ್ಲ, ವಾರಕ್ಕೊಂದು ದಿನವಾದರೂ ಯಾರಾದರೂ ನನ್ನ ಜೊತೆ ಮಾತಾಡಲಿ ಎಂದು.

ಉಳಿದ ಆರು ದಿನ ಟೀವಿಯ ಕ್ವಿಜ್‌ಗೆ ಜೋರಾಗಿ ಉತ್ತರ ಹೇಳುತ್ತ ಕೂರುತ್ತೇನೆ. ನನ್ನ ಹೆಂಡತಿ ಬೆರಿಲ್ ಇದ್ದಾಗ, "ಸಾಕು ಸುಮ್ನಿರ್ರಿ, ಆ ಬಡಪಾಯಿಗಳಿಗೂ ಒಂದು ಛಾನ್ಸ್ ಕೊಡಿ" ಅನ್ನುತ್ತಿದ್ದಳು. ಅವಳು ತೀರಿಕೊಂಡು ಬರುವ ಅಕ್ಟೋಬರಿಗೆ ಎರಡು ವರ್ಷ. ಈಗ ನನ್ನ ಬಾಯಿ ಮುಚ್ಚಿಸುವವರು ಯಾರೂ ಇಲ್ಲ, ಅದೇ ದೊಡ್ಡ ಕಷ್ಟ.

ಜೂನ್ ತಿಂಗಳ ಒಂದು ಗುರುವಾರ ನೋರೀನ್ ಗಾರ್ನೆಟ್ ಬಂದಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ದೊಡ್ಡ ಗಂಟಲು, ಮುಚ್ಚುಮರೆ ಇಲ್ಲದ ಬಾಯಿ.

"ಏನ್ರೀ ಡೆರಿಕ್ ಸಾಹೇಬ್ರೆ, ನನ್ನ ಪಿಂಚಣೀಲಿ ಐದರಲ್ಲೊಂದು ಪಾಲು ನುಂಗ್ತಿದಾರೆ. ನಾನೇನು ಅರಮನೇಲಿ ಇದೀನಾ?"

ಪತ್ರ ನೋಡಿದೆ. ಕೋಡ್ ಬಿಆರ್ ಎಂದಿತ್ತು. ಅಂದರೆ ಇವಳಿಗೆ ಬೇರೆಲ್ಲೋ ದೊಡ್ಡ ವರಮಾನವಿದೆ ಎಂದುಕೊಂಡು ಈ ಪಿಂಚಣಿಗೆ ಮೊದಲ ಪೌಂಡಿನಿಂದಲೇ ತೆರಿಗೆ ಹಿಡಿಯುತ್ತಿದ್ದರು. ತೆರಿಗೆ ಕಚೇರಿಗೆ ಫೋನ್ ಮಾಡಿ, ಕಾಯುತ್ತ ನಲವತ್ತು ನಿಮಿಷ ಸಂಗೀತ ಕೇಳಿಸಿಕೊಂಡ ಮೇಲೆ ಒಬ್ಬ ಮನುಷ್ಯ ಸಿಕ್ಕಿದ, ಐದು ನಿಮಿಷದಲ್ಲಿ ಸರಿ ಮಾಡಿದ. ಹಿಡಿದದ್ದು ವಾಪಸ್ ಬರುತ್ತದೆ ಎಂದ. ನೋರೀನ್ ಮುಖ ಅರಳಿತು. ನಾನೂ ಉಬ್ಬಿಹೋದೆ. ಆ ಉಬ್ಬಿನಲ್ಲೇ ಎಡವಟ್ಟಾಯಿತು. ಸರಿಯಾದ ಕೋಡ್ ಪತ್ರದಲ್ಲಿ ಎಲ್ಲಿರುತ್ತದೆ ಎಂದು ತೋರಿಸಲು ಚೀಲದಿಂದ ನನ್ನದೇ ಪತ್ರ ತೆಗೆದು ಮೇಜಿನ ಮೇಲೆ ಹರಡಿದೆ.

ನೋರೀನ್ ಕನ್ನಡಕ ಏರಿಸಿ ನೋಡಿದಳು. "ನಂಗೆ ಕೊನೇಲಿ ಎಲ್ ಬರುತ್ತೆ ಅಂದ್ರಲ್ಲ? ನಿಮ್ಮದ್ರಲ್ಲಿ ಎಂ ಇದೆ?"

"ಅದು ಬೇರೆ. ಹೆಂಡತಿ ತನ್ನ ತೆರಿಗೆ ರಿಯಾಯಿತೀಲಿ ಒಂದು ಪಾಲನ್ನ ಗಂಡನಿಗೆ ಬಿಟ್ಟುಕೊಟ್ಟಿದ್ರೆ ಎಂ ಅಂತ ಹಾಕ್ತಾರೆ."

ಹೇಳಿ ಮುಗಿಸಿದ ಮೇಲೆ ನಾನೇನು ಹೇಳಿದೆ ಎಂದು ನನಗೇ ಕೇಳಿಸಿತು. ಬೆರಿಲ್‌ಳ ಅಂತ್ಯಕ್ರಿಯೆಯ ದಿನ ಸ್ಯಾಂಡ್‌ವಿಚ್ ಮಾಡಿ ತಂದವಳೇ ಈ ನೋರೀನ್.

ಅವಳು ಪತ್ರವನ್ನು ಮೆಲ್ಲಗೆ ನನ್ನ ಕಡೆಗೆ ತಳ್ಳಿದಳು. "ನಾನ್ಯಾರಿಗೂ ಹೇಳಲ್ಲ ಬಿಡಿ," ಎಂದಳು. ಅದುವರೆಗೂ ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಮೂವತ್ತೆಂಟು ವರ್ಷದಲ್ಲಿ ಒಂದು ಪೆನ್ನಿ ಆಚೀಚೆ ಮಾಡದವನು ನಾನು. ಈಗ ಊರಿನ ಒಬ್ಬಳಾದರೂ ನನ್ನನ್ನು ಸತ್ತ ಹೆಂಡತಿಯ ರಿಯಾಯಿತಿ ತಿನ್ನುವ ಕಳ್ಳ ಎಂದುಕೊಂಡು, ಕನಿಕರದಿಂದ ಬಾಯಿ ಮುಚ್ಚಿಕೊಂಡಿರುತ್ತಾಳೆ. ಪತ್ರವನ್ನು ಚೀಲದ ತಳಕ್ಕೆ ತುರುಕಿ, ಟ್ರಾಮ್ ಹತ್ತಿ ಮನೆ ಸೇರಿದೆ.

ಈ ತಪ್ಪು ತೆರಿಗೆಯವರದಲ್ಲ, ನನ್ನದೇ. ಬೆರಿಲ್ ತೀರಿಕೊಂಡ ವಾರ ಅವಳ ಸಾವನ್ನು ನೋಂದಾಯಿಸಲು ಹೋದಾಗ, ಎಲ್ಲ ಸರ್ಕಾರಿ ಕಚೇರಿಗಳಿಗೂ ಒಂದೇ ಸಲಕ್ಕೆ ತಿಳಿಸುವ ವ್ಯವಸ್ಥೆ ಇದೆ ಎಂದು ಅಲ್ಲಿನ ಹೆಣ್ಣುಮಗಳು ಹೇಳಿದಳು. ಪಾಸ್‌ಪೋರ್ಟ್, ಲೈಸೆನ್ಸ್, ಲೈಬ್ರರಿ ಕಾರ್ಡ್, ಒಂದೊಂದಾಗಿ ಕೇಳುತ್ತ ಹೋದಳು. ನಾನು ಹೂಂ ಅನ್ನುತ್ತ ಹೋದೆ. ತೆರಿಗೆಯ ಸರದಿ ಬಂದಾಗ ಮಾತ್ರ, "ಅದನ್ನ ನಾನೇ ನೋಡ್ಕೋತೀನಮ್ಮ, ಅದು ನನ್ನ ಕಸುಬು," ಎಂದೆ. ಇಷ್ಟು ದಿನ ಮರೆತೆ ಎಂದುಕೊಂಡೇ ಕಾಲ ತಳ್ಳಿದೆ. ಶುದ್ಧ ಸುಳ್ಳು. ಕೋಡಿನ ಪತ್ರ ಬಂದಾಗಲೆಲ್ಲ ಮೊದಲು ಕೊನೆಯ ಅಕ್ಷರ ನೋಡುತ್ತಿದ್ದೆ. ನನಗೆ ಹೆಂಡತಿ ಇದ್ದಾಳೆ ಎಂದು ಬರೆದು ಕಳಿಸುವವರು ಈ ಲೋಕದಲ್ಲಿ ತೆರಿಗೆಯವರೊಬ್ಬರೇ ಉಳಿದಿದ್ದರು. ತಪ್ಪು ಒಪ್ಪಿಕೊಂಡರೆ ಅದೂ ಹೋಗುತ್ತಿತ್ತು. ಸುಮ್ಮನಿದ್ದರೆ ನಾನು ಕಳ್ಳ.

ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದೆ. ಸಂಗೀತ ಶುರುವಾಯಿತು. ಸ್ಪೀಕರಿಗೆ ಹಾಕಿ, ಟೋಸ್ಟ್ ಮಾಡಿಕೊಂಡು ತಿಂದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಡುಗೆಮನೆಯಲ್ಲಿ ಏನೋ ಒಂದು ಸದ್ದಿದ್ದದ್ದು ಹಿತವಾಗಿತ್ತು. ಐವತ್ತು ನಿಮಿಷವಾದ ಮೇಲೆ ಸ್ಕಾಟ್ಲೆಂಡ್ ಕಡೆಯ ಹುಡುಗಿಯೊಬ್ಬಳ ದನಿ ಬಂತು.

"ಏನು ಬದಲಾವಣೆ ಮಾಡ್ಬೇಕು ಸರ್?"

"ನನ್ನ ಕೋಡಲ್ಲಿ ಎಂ ಇದೆ. ಇರಬಾರದು. ಹೆಂಡತಿ ತೀರಿಕೊಂಡಿದಾಳೆ."

"ಅಯ್ಯೋ, ತುಂಬಾ ಬೇಜಾರಾಯ್ತು ಸರ್. ಯಾವಾಗ?"

ತಾರೀಕು ಹೇಳಿದೆ. ಕೀಲಿಮಣೆಯ ಸದ್ದು ನಿಂತಿತು.

"ತಡವಾಗಿದೆ ಸರ್. ಕಾರಣ ಬರೀಬೇಕಾಗುತ್ತೆ. ಮರೆತುಹೋಗಿತ್ತು ಅಂತ ಹಾಕ್ಲಾ?"

"ಬೇಡಮ್ಮ. ಗೊತ್ತಿದ್ದೂ ಸುಮ್ನಿದ್ದ ಅಂತ ಹಾಕು. ಅದನ್ನ ತೆಗೆಸೋಕೆ ನಂಗೆ ಮನಸ್ಸು ಬರ್ಲಿಲ್ಲ."

"ತಡವಾಗಿ ತಾವೇ ತಿಳಿಸಿದ್ದಾರೆ ಅಂತಷ್ಟೇ ಹಾಕ್ತೀನಿ ಸರ್," ಎಂದಳು. ಮತ್ತೆ ಕೀಲಿಮಣೆ ಸದ್ದು ಮಾಡಿತು. "ಎಂ ತೆಗೆದಿದೀನಿ. ಈ ವರ್ಷದ್ದು ಹೊಸ ಕೋಡಲ್ಲೇ ಸರಿಹೋಗುತ್ತೆ. ಹೋದ ವರ್ಷದ ಬಾಕಿ ಇನ್ನೂರ ಐವತ್ತೆರಡು ಪೌಂಡ್. ಒಂದೇ ಸಲ ಕಟ್ಟಿಬಿಟ್ರೆ ಇದು ಇಲ್ಲಿಗೇ ಮುಗೀತು, ಮತ್ತೆ ನಿಮಗೆ ಈ ವಿಷ್ಯ ನೆನಪು ಮಾಡೋರಿಲ್ಲ. ಇಲ್ಲಾಂದ್ರೆ ಬರೋ ಏಪ್ರಿಲ್‌ನಿಂದ ಪಿಂಚಣೀಲೇ ತಿಂಗಳಿಗೆ ಇಪ್ಪತ್ತೊಂದರ ಹಾಗೆ ಹಿಡೀತಾರೆ."

ಬ್ಯಾಂಕಿನ ಕಾರ್ಡನ್ನು ಆಗಲೇ ಕೈಯಲ್ಲಿ ಹಿಡಿದಿದ್ದೆ.

"ತಿಂಗಳು ತಿಂಗಳು ಹಿಡಿದ್ರೆ, ಯಾತಕ್ಕೆ ಅಂತ ಕೋಡಿನ ಪತ್ರದಲ್ಲಿ ಬರೆದಿರುತ್ತಾ?"

"ಬರೆದಿರುತ್ತೆ ಸರ್. ಮದುವೆ ರಿಯಾಯಿತಿಯ ಬಾಕಿ ಅಂತ."

ಕಾರ್ಡನ್ನು ಮೇಜಿನ ಮೇಲಿಟ್ಟೆ. "ಹಾಗಾದ್ರೆ ತಿಂಗಳು ತಿಂಗಳೇ ಹಿಡೀಲಿ."

"ಆಯ್ತು ಸರ್. ಹನ್ನೆರಡು ತಿಂಗಳಿಗೆ ಮುಗಿಯುತ್ತೆ."

"ಅದಕ್ಕಿಂತ ನಿಧಾನವಾಗಿ ಹಿಡಿಯೋಕೆ ಬರಲ್ವಾ?"

ಹುಡುಗಿಯ ದನಿ ಮೆತ್ತಗಾಯಿತು. "ದುಡ್ಡಿಗೆ ತೊಂದರೆ ಇದೆಯಾ ಸರ್?"

"ದುಡ್ಡೇನೋ ಇದೆ ತಾಯಿ," ಎಂದೆ.